ಖಾತೆ ಇಲ್ಲದ ಇಬ್ಬರು

ಔಷಧಿ ಅಂಗಡಿಯ ಹುಡುಗಿ ಮಾತ್ರೆಗಳನ್ನು ಕವರಿಗೆ ಹಾಕಿ, ಬಾಯಿ ಮಡಚಿ, ಪಿನ್ನು ಹೊಡೆದ ಮೇಲೆ ಕೂದಲಕ್ಕ ನೋಟುಗಳನ್ನು ಮುಂದಿಟ್ಟಳು. ಹುಡುಗಿ ನೋಟು ಮುಟ್ಟಲಿಲ್ಲ. ಕವರನ್ನೇ ತನ್ನ ಕಡೆಗೆ ಎಳೆದುಕೊಂಡಳು.

"ಈ ವಾರದಿಂದ ಕ್ಯಾಶ್ ತಗೊಳ್ಳಲ್ಲ ಅಕ್ಕ. ಬೋರ್ಡ್ ನೋಡ್ಲಿಲ್ವಾ?"

ಬೋರ್ಡು ಗಾಜಿನ ಬಾಗಿಲ ಮೇಲೇ ಇತ್ತು. ಒಳಗೆ ಬರುವಾಗ ಅದರ ಮೇಲೆಯೇ ಅಂಗೈ ಊರಿ ಬಾಗಿಲು ತಳ್ಳಿದ್ದಳು.

"ಇದೊಂದ್ಸಲ ತಗೋಮ್ಮ. ಬಿ.ಪಿ. ಮಾತ್ರೆ. ಮನೇಲಿ ಒಂದೂ ಉಳಿದಿಲ್ಲ."

"ತಗೊಂಡು ಎಲ್ಲಿಡ್ಲಿ? ಗಲ್ಲಾಪೆಟ್ಟಿಗೇನೇ ತೆಗೆದುಬಿಟ್ಟಿದ್ದಾರೆ."

ನಿಜವೇ. ಗಲ್ಲಾಪೆಟ್ಟಿಗೆ ಇದ್ದ ಜಾಗದಲ್ಲಿ ಕೈತೊಳೆಯುವ ಸೋಪಿನ ಬಾಟಲಿಗಳು ಸಾಲಾಗಿ ನಿಂತಿದ್ದವು. ಹಿಂದೆ ನಿಂತಿದ್ದವರಲ್ಲಿ ಒಬ್ಬರು ಕೆಮ್ಮಿದರು. ಇನ್ನೊಬ್ಬರು, ಕೈಯಲ್ಲಿ ಛತ್ರಿ ಹಿಡಿದಿದ್ದ ಗಂಡಸು, "ಕೊಡಿ ಇತ್ಲಾಗೆ, ನಾನು ಫೋನಲ್ಲಿ ಹಾಕ್ತೀನಿ" ಎಂದು ಅವಳ ನೋಟುಗಳನ್ನು ಎರಡು ಬೆರಳಲ್ಲಿ ಎತ್ತಿಕೊಂಡ. ಅವಳು ಅವನಿಗೆ ಅಗತ್ಯಕ್ಕಿಂತ ಹೆಚ್ಚು ಸಲ ಥ್ಯಾಂಕ್ಸ್ ಹೇಳಿ ಹೊರಗೆ ಬಂದಳು. ಈ ತಿಂಗಳೇನೋ ಒಬ್ಬ ಪುಣ್ಯಾತ್ಮ ಸಿಕ್ಕಿದ. ಮುಂದಿನ ತಿಂಗಳು ಯಾರ ಮುಖ ನೋಡುವುದು ಎಂದು ಲೆಕ್ಕ ಹಾಕುತ್ತ ನಡೆದಳು. ಬಸ್ಸು ಹತ್ತುವಂತಿರಲಿಲ್ಲ. ಬಸ್ಸಿನಲ್ಲಿ ನಗದು ನಿಂತು ಎಷ್ಟೋ ದಿನಗಳಾಗಿದ್ದವು. ಅಂದಿನಿಂದ ಅವಳು ಊರೆಲ್ಲ ಕಾಲಲ್ಲೇ ತಿರುಗುತ್ತಿದ್ದಳು.

ಅವಳ ಕೆಲಸ ಹಾಸಿಗೆ ಹಿಡಿದವರ ಕೂದಲು ಕತ್ತರಿಸುವುದು. ಕ್ಷೌರದಂಗಡಿಗೆ, ಪಾರ್ಲರಿಗೆ ಹೋಗಲಾರದವರ ಮನೆಗೆ ಇವಳೇ ಹೋಗುತ್ತಿದ್ದಳು. ಕುತ್ತಿಗೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಟವೆಲ್ ಸುರುಳಿ ಮಾಡಿ ತಲೆಗೆ ಆಸರೆ ಕೊಟ್ಟು, ಮೊದಲು ಒಂದು ಬದಿ, ಆಮೇಲೆ ಮೆಲ್ಲಗೆ ಮುಖ ಹೊರಳಿಸಿ ಇನ್ನೊಂದು ಬದಿ. ಮುಗಿದ ಮೇಲೆ ಅಂಟುಪಟ್ಟಿ ಬೆರಳಿಗೆ ಸುತ್ತಿಕೊಂಡು ದಿಂಬಿನ ಮೇಲಿನ ತುಣುಕು ಕೂದಲನ್ನೆಲ್ಲ ಒತ್ತಿ ಒತ್ತಿ ತೆಗೆಯುತ್ತಿದ್ದಳು. ಮಗ್ಗುಲು ಬದಲಿಸಲಾಗದವರಿಗೆ ಒಂದು ಕೂದಲು ಚುಚ್ಚಿದರೂ ನಿದ್ದೆ ಹತ್ತುವುದಿಲ್ಲ. ಯಾವುದೋ ಮನೆಯ ಅಜ್ಜ ಬಾಯಿತುಂಬ ಕೂದಲಕ್ಕ ಅಂದ, ಅದೇ ಹೆಸರು ನಿಂತಿತು. ನಿಜವಾದ ಹೆಸರನ್ನು ಯಾರೂ ಕೇಳದೇ ಇದ್ದದ್ದು ಅವಳಿಗೂ ಅನುಕೂಲವೇ ಆಗಿತ್ತು.

ಮೊದಮೊದಲು ಮುದುಕರು ದಿಂಬಿನಡಿಯಿಂದ ನೋಟು ತೆಗೆದು ಕೊಡುತ್ತಿದ್ದರು. ಬರಬರುತ್ತ ದಿಂಬಿನಡಿಯ ದುಡ್ಡು ಮಾಯವಾಯಿತು. ಬೇರೆ ಊರಿನಲ್ಲಿ ಕೂತ ಮಕ್ಕಳು, "ನಂಬರ್ ಹೇಳಿ, ಈಗ್ಲೇ ಹಾಕ್ತೀನಿ" ಎನ್ನತೊಡಗಿದರು. ಅವಳ ಹತ್ತಿರ ಖಾತೆ ಇರಲಿಲ್ಲ. ಅವಳು ಹೇಳುತ್ತಿದ್ದುದು ಟೈಲರಮ್ಮನ ನಂಬರು.

ಟೈಲರಮ್ಮ ಕೆಳಗಿನ ಅಂಗಡಿಯವಳು. ಅಂಗಡಿಯ ಒಳಗಿಂದಲೇ ಮೆಟ್ಟಿಲು ಏರಿದರೆ ಮೇಲೊಂದು ಕೋಣೆ, ಪಕ್ಕಕ್ಕೆ ಒಬ್ಬರು ನಿಂತು ಅಡುಗೆ ಮಾಡುವಷ್ಟು ಜಾಗ. ಅದನ್ನು ಕೂದಲಕ್ಕನಿಗೂ ಅವಳ ಅತ್ತೆಗೂ ಬಾಡಿಗೆಗೆ ಬಿಟ್ಟಿದ್ದಳು. ಟೈಲರಮ್ಮನ ಗಂಡ ಲಾರಿ ಡ್ರೈವರ್, ಮನೆಗಿಂತ ರಸ್ತೆಯಲ್ಲಿ ಇದ್ದದ್ದೇ ಹೆಚ್ಚು. ಖಾತೆಗೆ ಬಂದ ದುಡ್ಡಿನಲ್ಲಿ ಬಾಡಿಗೆ ಮುರಿದುಕೊಂಡು ಉಳಿದದ್ದನ್ನು ಟೈಲರಮ್ಮ ಕೈಗೆ ಕೊಡುತ್ತಿದ್ದಳು. "ಕತ್ತರಿ ಹಿಡಿಯೋರು ಇಬ್ರೂ. ಒಂದೇ ಖಾತೆ ಸಾಕು ಬಿಡೇ" ಎಂದು ನಗುತ್ತಿದ್ದಳು. ಯಾಕೆ ನಿನಗೆ ಖಾತೆ ಇಲ್ಲ ಎಂದು ಕೇಳಿರಲಿಲ್ಲ.

ಕೂದಲಕ್ಕನ ಗಂಡ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ತೊಂದರೆ ಅದೇ. ಇಸ್ತ್ರಿ ಕೆಡದ ಅಂಗಿ, ಮೆತ್ತಗಿನ ಮಾತು. ಮನೆಯೊಳಗೆ ಕೈ ಬೇರೆಯೇ ಮಾತಾಡುತ್ತಿತ್ತು. ಒಂದು ಸಲ ಅಡ್ಡ ಬಂದ ತಾಯಿಯನ್ನೂ ನೂಕಿದ. ಮುದುಕಿಯ ಮೊಣಕಾಲು ಹೊಸ್ತಿಲಿಗೆ ಬಡಿದು ಒಡೆಯಿತು. ಆಸ್ಪತ್ರೆಯಿಂದ ಬಿಡುವ ದಿನ ಅತ್ತೆ ಸೊಸೆಯ ಕಿವಿಯಲ್ಲಿ, "ಆ ಮನೆಗೆ ನಾನು ಬರಲ್ಲ. ನೀನೂ ಹೋಗ್ಬೇಡ" ಅಂದಳು. ಇಬ್ಬರೂ ಆಸ್ಪತ್ರೆಯ ಹಿಂಬಾಗಿಲಿನಿಂದ ಹೊರಬಿದ್ದರು. ಬೇರೆ ಊರಲ್ಲಿ ಒಂದು ಸಣ್ಣ ಬ್ಯಾಂಕಿನಲ್ಲಿ ಸೊಸೆ ಖಾತೆ ತೆಗೆದಳು, ಗಂಡನದು ದೊಡ್ಡ ಬ್ಯಾಂಕು, ಇದರ ಸುಳಿವು ಸಿಗಲಾರದು ಎಂದುಕೊಂಡು. ಆದರೆ ಆ ಸಣ್ಣ ಬ್ಯಾಂಕನ್ನು ಗಂಡನ ದೊಡ್ಡ ಬ್ಯಾಂಕೇ ನುಂಗಿತು. ಫಲಕ ಬದಲಾದ ಕೆಲವೇ ದಿನಕ್ಕೆ ಗಂಡ ಬಾಗಿಲಲ್ಲಿ ನಿಂತಿದ್ದ. "ಹೊಸ ಗ್ರಾಹಕರನ್ನ ಮಾತಾಡ್ಸಿಕೊಂಡು ಹೋಗೋಣ ಅಂತ ಬಂದೆ" ಎಂದು ಮುಗುಳ್ನಕ್ಕಿದ್ದ. ಆ ರಾತ್ರಿ ಏನಾಯಿತೆಂದು ಅತ್ತೆ-ಸೊಸೆ ಮತ್ತೆಂದೂ ಮಾತಾಡಿಕೊಂಡಿಲ್ಲ. ಪೊಲೀಸರು ಮನೆಯ ವಿಷಯ ಮನೆಯಲ್ಲೇ ಸರಿಮಾಡಿಕೊಳ್ಳಿ ಎಂದು ಕಳಿಸಿದರು. ಅವರು ಮತ್ತೆ ಗಂಟುಮೂಟೆ ಕಟ್ಟಿದರು. ಈ ಊರಿಗೆ ಬಂದರು. ಈ ದೇಶದ ಯಾವ ಮೂಲೆಯಲ್ಲಿ ಖಾತೆ ತೆಗೆದರೂ ಅದು ಅವನ ಮೇಜಿನ ಮೇಲಿನ ಪರದೆಗೆ ಬಂದೇ ಬರುತ್ತದೆ ಎಂಬುದು ಅವಳ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು.

ಆ ಸಂಜೆ ಮಾತ್ರೆಯ ಕವರು ಹಿಡಿದು ಅವಳು ಅಂಗಡಿಯೊಳಗೆ ಕಾಲಿಟ್ಟಾಗ ಟೈಲರಮ್ಮನ ಮಷೀನು ನಿಂತಿತ್ತು. ಅಪರೂಪದ ಸಂಗತಿ. ಟೈಲರಮ್ಮ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ಏನಕ್ಕ?"

"ನನ್ನ ಖಾತೆ ಮುಚ್ಚಿಹಾಕಿದ್ದಾರೆ ಕಣೇ. ಹಾಕೋ ಹಂಗಿಲ್ಲ, ತೆಗೆಯೋ ಹಂಗಿಲ್ಲ."

ಬ್ಯಾಂಕಿನಿಂದ ಫೋನು ಬಂದಿತ್ತಂತೆ. ಗುರುತು ಪರಿಚಯ ಇಲ್ಲದ ಇಷ್ಟೊಂದು ಜನ ನಿಮಗೆ ಚಿಲ್ಲರೆ ಚಿಲ್ಲರೆ ದುಡ್ಡು ಹಾಕುತ್ತಿದ್ದಾರಲ್ಲ, ಅದನ್ನು ನೀವು ಕೂಡಲೇ ನೋಟು ಮಾಡಿ ತೆಗೆಯುತ್ತಿದ್ದೀರಲ್ಲ, ಯಾರ ದುಡ್ಡು ಇದು, ಎಂದು ಕೇಳಿದ್ದರು. ನಗದು ತೆಗೆಯುವವರನ್ನೆಲ್ಲ ಈಗ ಕಳ್ಳರ ಹಾಗೆ ನೋಡುವ ಕಾಲ.

"ನೀವೇನಂದ್ರಿ?"

"ಬಟ್ಟೆ ಹೊಲಿದ ದುಡ್ಡು ಅಂದೆ. ಆ ಜನಕ್ಕೆಲ್ಲ ಫೋನ್ ಮಾಡಿ ಕೇಳಿದ್ದಾರೆ. ಒಬ್ಬ ನಮ್ಮಪ್ಪನ ಕೂದಲು ಕತ್ತರಿಸಿದ್ದಕ್ಕೆ ಕೊಟ್ಟೆ ಅಂದನಂತೆ. ಟೈಲರ್ ಯಾಕಮ್ಮ ಕೂದಲು ಕತ್ತರಿಸ್ತಾಳೆ ಅಂತ ನನ್ನನ್ನೇ ಕೇಳ್ತಾರೆ!" ಟೈಲರಮ್ಮ ನಕ್ಕಳು, ನಗು ಅರ್ಧಕ್ಕೇ ನಿಂತಿತು. "ನಿನ್ನ ಹೆಸರು ಹೇಳಿಲ್ಲ. ಹೇಳೋವರೆಗೂ ಬಿಡಲ್ಲ ಅಂತಿದ್ದಾರೆ."

ಕ್ಲಿನಿಕ್ಕಿನ ನರ್ಸುಗಳ ಸಮವಸ್ತ್ರದ ಆರ್ಡರು ಕೈಯಲ್ಲಿತ್ತು. ಬಟ್ಟೆ ವ್ಯಾಪಾರಿ ನಗದು ಮುಟ್ಟುವುದಿಲ್ಲ. ಬಟ್ಟೆ ಬರದಿದ್ದರೆ ಆರ್ಡರು ಕೈತಪ್ಪುತ್ತದೆ. ಇದನ್ನೆಲ್ಲ ಟೈಲರಮ್ಮ ಹೇಳಬೇಕಾಗಿರಲಿಲ್ಲ. ಖಾಲಿ ಕತ್ತರಿ ಮೇಜು ಎದುರಿಗೇ ಇತ್ತು.

ಕೂದಲಕ್ಕ ಆ ಮೇಜಿಗೆ ಒರಗಿ ನಿಂತು ಎಲ್ಲವನ್ನೂ ಹೇಳಿದಳು. ಗಂಡ, ಬ್ಯಾಂಕು, ಅತ್ತೆಯ ಮೊಣಕಾಲು. ಟೈಲರಮ್ಮ, "ಹಂಗಾದ್ರೆ ನೀನು ಬ್ಯಾಂಕಿಗೆ ಹೋಗೋದು ಬೇಡ. ನಾನೇ ಏನಾದ್ರೂ ಮಾಡ್ತೀನಿ" ಅಂದಳು.

"ಏನ್ ಮಾಡ್ತೀರ?"

"ಏನೋ ಒಂದು."

ಏನೋ ಒಂದು ಎಂದರೆ ಏನೂ ಇಲ್ಲ ಎಂದೇ ಅರ್ಥ ಎಂದು ಇಬ್ಬರಿಗೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ಕೂದಲಕ್ಕ ಬ್ಯಾಂಕಿಗೆ ಹೋದಳು. ಬಾಗಿಲ ಮೇಲಿನ ಫಲಕದಲ್ಲಿ ಗಂಡನ ಬ್ಯಾಂಕಿನ ಹೆಸರೇ ಇತ್ತು.

ಅಲ್ಲಿ ಅವಳನ್ನು ಕೂರಿಸಿಕೊಂಡವಳು ಕನ್ನಡಕವನ್ನು ನೆತ್ತಿಗೇರಿಸಿಕೊಂಡಿದ್ದ ಒಬ್ಬ ಅಧಿಕಾರಿ. ಒರಟಾಗಿ ಮಾತಾಡಲಿಲ್ಲ. ಈ ದುಡ್ಡು ನನ್ನದು, ಇಂಥ ಕೆಲಸದ್ದು ಎಂದು ಬರೆದುಕೊಟ್ಟರೆ ಟೈಲರಮ್ಮನ ಖಾತೆ ಅಂದೇ ಬಿಡಬಹುದು, ಆದರೆ ಇನ್ನು ಮುಂದೆ ನಿಮ್ಮ ದುಡಿಮೆ ನಿಮ್ಮ ಖಾತೆಗೇ ಬರಬೇಕು, ಎಂದಳು.

"ಖಾತೆ ತೆಗೆದ್ರೆ ಅದನ್ನ ಯಾರ್ಯಾರು ನೋಡಬಹುದು ಮೇಡಂ?"

"ನಾವು ಮಾತ್ರ."

"ನಾವು ಅಂದ್ರೆ?"

"ಬ್ಯಾಂಕಿನವರು."

"ಎಲ್ಲ ಊರಿನವರೂನಾ?"

ಅಧಿಕಾರಿ ಕನ್ನಡಕ ಕೆಳಗಿಳಿಸಿ ಅವಳ ಮುಖ ನೋಡಿದಳು. "ಕೆಲಸ ಇರೋರು ಮಾತ್ರ ನೋಡ್ತಾರೆ. ಯಾಕೆ?"

"ಸುಮ್ನೆ ಕೇಳಿದೆ."

ಹೇಳಿದಂತೆ ಬರೆದುಕೊಟ್ಟು, ವಿಳಾಸ ಸಮೇತ ಹೊಸ ಖಾತೆಯ ಅರ್ಜಿಗೂ ಸಹಿ ಹಾಕಿದಳು. ಮಧ್ಯಾಹ್ನದೊಳಗೆ ಟೈಲರಮ್ಮನ ಖಾತೆ ತೆರೆಯಿತು. ಸಂಜೆಗೆ ಬಟ್ಟೆಯ ಥಾನುಗಳು ಬಂದು ಬಿದ್ದವು. ಮಷೀನು ಮತ್ತೆ ಕಟಕಟ ಶುರುಮಾಡಿತು. ಮೇಲಿನ ಕೋಣೆಯಲ್ಲಿ ಸೊಸೆ ಅತ್ತೆಯ ಕಾಲು ನೀವುತ್ತ ಆ ಶಬ್ದ ಕೇಳುತ್ತಿದ್ದಳು. ಅತ್ತೆಗೆ ಎಲ್ಲ ಹೇಳಿದ್ದಳು. "ಮಾಡಿದ್ದು ಸರಿ" ಅಂದಿದ್ದಳು ಅತ್ತೆ. ಆಮೇಲೆ, "ಬಾಗಿಲಿಗೆ ಚಿಲಕ ಹಾಕಿದ್ಯಾ?" ಎಂದು ಕೇಳಿದ್ದಳು.

ಅಂದಿನಿಂದ ಬೀದಿಯಲ್ಲಿ ಇಸ್ತ್ರಿ ಅಂಗಿಯ ಬೆನ್ನು ಕಂಡರೆ ಸಾಕು, ಅವಳು ಪಕ್ಕದ ಓಣಿಗೆ ಹೊರಳಿಬಿಡುತ್ತಿದ್ದಳು. ಕೆಲಸದ ಮನೆಗಳಲ್ಲಿ ಕಾಲಿಂಗ್ ಬೆಲ್ಲು ಹೊಡೆದರೆ ಕತ್ತರಿ ಎತ್ತಿ ಹಿಡಿದು ನಿಂತುಬಿಡುತ್ತಿದ್ದಳು. ರೋಗಿಯ ಕಿವಿಗೆ ತಾಗೀತೆಂದು. ಬೆಳಿಗ್ಗೆ ಒಂದು ದಾರಿಯಲ್ಲಿ ಹೋದರೆ ಸಂಜೆ ಬೇರೆ ದಾರಿ. ಅವಳ ಬಟನ್ ಫೋನಿಗೆ ದುಡ್ಡು ಬಂದ ಮೆಸೇಜುಗಳು ಬರತೊಡಗಿದವು. ಮುದುಕರ ಮಕ್ಕಳು ಹಾಕಿದ್ದು. ಬೇರೆಯವರಿಗೆ ಸಂತೋಷ ಕೊಡುವ ಆ ಸದ್ದು ಕೇಳಿದರೆ ಅವಳು ಮೊದಲು ಬಾಗಿಲ ಕಡೆ ನೋಡುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಈಗ ಹೊಸ ಕಾರ್ಡು ತೋರಿಸಿ ಮಾತ್ರೆ ತರಬಹುದಿತ್ತು. ಆದರೆ ಕಾರ್ಡು ಉಜ್ಜಿದ ಕೂಡಲೇ ಯಾವ ಅಂಗಡಿ, ಯಾವ ಬೀದಿ ಎಂಬುದೂ ಬರೆದುಹೋಗುತ್ತದಲ್ಲ ಎಂದು ನೆನಪಾಗಿ ಅದನ್ನು ಚೀಲದ ತಳಕ್ಕೆ ತುರುಕಿದಳು. ಮತ್ತೆ ಯಾರದೋ ಕೈಕಾಲು ಹಿಡಿದು ನೋಟು ಕೊಟ್ಟೇ ಮಾತ್ರೆ ತಂದಳು.

ದಿನಗಳು ಕಳೆದವು. ಯಾರೂ ಬರಲಿಲ್ಲ. ಅವನಿಗೆ ಗೊತ್ತಾಗಿಲ್ಲ, ಗೊತ್ತಾಗಿದ್ದರೂ ಬಿಟ್ಟುಬಿಟ್ಟಿದ್ದಾನೆ, ಇನ್ನೊಂದು ಮದುವೆಯಾಗಿರಬಹುದು ಎಂದೆಲ್ಲ ತನಗೆ ತಾನೇ ಹೇಳಿಕೊಳ್ಳುವಷ್ಟು ಧೈರ್ಯ ಬಂತು. ಆಗ ಒಂದು ಮಧ್ಯಾಹ್ನ, ಪಾರ್ಶ್ವವಾಯು ಬಡಿದ ಒಬ್ಬ ಮೇಷ್ಟ್ರ ಕೂದಲು ಕತ್ತರಿಸಿ ಕತ್ತರಿ ತೊಳೆಯುತ್ತಿದ್ದಾಗ ಫೋನು ಸದ್ದು ಮಾಡಿತು. ಒದ್ದೆ ಕೈಯಲ್ಲೇ ತೆಗೆದು ನೋಡಿದಳು. ಖಾತೆಗೆ ದುಡ್ಡು ಬಂದಿತ್ತು. ತೀರಾ ಸಣ್ಣ ಮೊತ್ತ, ಒಂದೇ ಒಂದು ನಾಣ್ಯದಷ್ಟು. ಜೊತೆಗೆ ಹಾಕಿದವರು ಬರೆದ ಒಂದು ಸಾಲು:

ಅಮ್ಮನ ಮೊಣಕಾಲು ಹೇಗಿದೆ?

ಮೇಷ್ಟ್ರ ಮನೆಯಿಂದ ಹೇಗೆ ಬಂದಳೋ ಅವಳಿಗೆ ನೆನಪಿಲ್ಲ. ಮೆಟ್ಟಿಲು ಹತ್ತಿದವಳೇ ಮಂಚದಡಿಯ ಚೀಲ ಎಳೆದು ಬಟ್ಟೆ ತುರುಕತೊಡಗಿದಳು.

"ಏನೇ ಅದು?" ಎಂದಳು ಅತ್ತೆ.

ಸೊಸೆ ಫೋನು ತೋರಿಸಿದಳು. ಅತ್ತೆ ದೂರ ಹಿಡಿದು, ಹತ್ತಿರ ಹಿಡಿದು, ಓದಿದಳು. ಅವಳ ಕೈ ತಾನಾಗಿ ಹೋಗಿ ಮೊಣಕಾಲ ಮೇಲೆ ಕೂತಿತು.

"ಏಳಿ ಅತ್ತೆ, ಹೋಗೋಣ."

"ಎಲ್ಲಿಗೆ?"

"ಎಲ್ಲಿಗಾದ್ರೂ."

"ಹೆಂಗೆ ಹೋಗ್ತೀಯ? ಬಸ್ಸಿಗೆ ಕಾರ್ಡು, ರೈಲಿಗೆ ಕಾರ್ಡು. ಆ ಕಾರ್ಡಲ್ಲೇ ಅವ್ನು ಕೂತಿದ್ದಾನೆ. ನಡ್ಕೊಂಡು ಹೋಗೋಕೆ ನಂಗೆ ಈ ಕಾಲು." ಅತ್ತೆ ಫೋನು ವಾಪಸ್ಸು ಕೊಟ್ಟಳು. "ಇಷ್ಟಕ್ಕೂ ಅವನಿಗೆ ನಿನ್ನ ಖಾತೆ ನಂಬರು ಹೆಂಗೆ ಸಿಕ್ತು? ಒಳಗೆ ನೋಡದೇ ಸಿಗುತ್ತಾ?"

ಸೊಸೆಯ ಕೈ ಬಟ್ಟೆಯ ಮೇಲೇ ನಿಂತಿತು. ಇಷ್ಟು ದಿನ ಅವಳು ಅವನು ನೋಡುತ್ತಾನೆ ಎಂದಷ್ಟೇ ಹೆದರಿದ್ದಳು. ನೋಡುವುದು ತಪ್ಪು, ಅದನ್ನು ಯಾರಿಗಾದರೂ ಹೇಳಬಹುದು ಎಂಬುದು ಹೊಳೆದೇ ಇರಲಿಲ್ಲ.

ಬ್ಯಾಂಕು ಮುಚ್ಚುವ ಹೊತ್ತಿಗೆ ಅವಳು ಏದುಸಿರು ಬಿಡುತ್ತ ಕನ್ನಡಕದ ಅಧಿಕಾರಿಯ ಮುಂದೆ ನಿಂತಿದ್ದಳು. ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಅಧಿಕಾರಿ ಮೆಸೇಜು ಓದಿದಳು, ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು ಕಂಪ್ಯೂಟರಿನ ಮುಂದೆ ಕೂತಳು. ಬಹಳ ಹೊತ್ತು ಕೀಲಿಗಳ ಸದ್ದಷ್ಟೇ.

"ನಿಮ್ಮ ಗಂಡ ಯಾವ ಊರಿನ ಶಾಖೆ ಅಂದ್ರಿ?"

ಅವಳು ಹೇಳಿದಳು. ಅಧಿಕಾರಿಯ ಬೆರಳು ಪರದೆಯ ಮೇಲೆ ಒಂದು ಕಡೆ ನಿಂತಿತು.

"ಮೇಡಂ, ಅವ್ರು ನೋಡಿದ್ದಾರಾ?"

"ಹೆಸರು ನಾನು ಹೇಳೋ ಹಾಗಿಲ್ಲ. ಆದ್ರೆ ಯಾರು ಖಾತೆ ತೆಗೆದು ನೋಡಿದ್ರೂ ಅದರ ಗುರುತು ಉಳಿಯುತ್ತೆ. ನಿಮ್ಮ ಖಾತೆ ಶುರುವಾದ ವಾರದಿಂದಾನೇ ಒಂದೇ ಕಡೆಯಿಂದ..." ಅವಳು ಮಾತು ನಿಲ್ಲಿಸಿದಳು. "ನೀವು ದೂರು ಬರೆದುಕೊಡ್ತೀರಾ? ಕೊಟ್ರೆ ನಾನು ಮೇಲಕ್ಕೆ ಕಳಿಸ್ತೀನಿ. ಕೊಟ್ಟ ಮೇಲೆ ಹಿಂದೆ ತಗೊಳ್ಳೋಕೆ ಆಗಲ್ಲ. ಅವ್ರ ಕೆಲಸ ಹೋಗಬಹುದು."

"ಮನೇಲಿ ಕೇಳಿ ಬರ್ತೀನಿ."

"ಯಾರನ್ನ ಕೇಳಬೇಕು?"

"ಅವರಮ್ಮನ್ನ" ಎಂದಳು ಕೂದಲಕ್ಕ.

ಅತ್ತೆ ದೀಪ ಹಾಕದೆ ಕೂತಿದ್ದಳು. ಸೊಸೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಕೆಲಸ ಹೋಗಬಹುದು ಎನ್ನುವಾಗ ಮಾತ್ರ ಹಾಸಿಗೆಯ ಅಂಚನ್ನು ಹಿಡಿದುಕೊಂಡಳು.

"ಆ ಕೆಲಸ ಸಿಕ್ಕಿದ ದಿನ ಓಣಿಯೋರಿಗೆಲ್ಲ ಸಿಹಿ ಹಂಚಿದ್ದೆ" ಎಂದಳು. "ಅವರಪ್ಪ ಇರ್ಲಿಲ್ಲ ಆಗ. ನಾನೇ ಮನೆಮನೆಗೂ ಹೋಗಿ ಕೊಟ್ಟೆ."

"ನೀವು ಬೇಡ ಅಂದ್ರೆ ಬರೆಯಲ್ಲ ಅತ್ತೆ."

"ನಂಗ್ಯಾಕೆ ಹಾಕ್ತೀಯ ಇದನ್ನ?" ಅತ್ತೆಯ ದನಿ ಒಮ್ಮೆಲೇ ಏರಿತು. ಅಷ್ಟೇ ಬೇಗ ಇಳಿಯಿತು. "ಅವ್ನು ನನ್ನ ಹೊಟ್ಟೇಲಿ ಹುಟ್ಟಿದೋನು. ಅವ್ನು ಏನು ಅಂತ ನಿನಗಿಂತ ಮೊದ್ಲು ನಂಗೆ ಗೊತ್ತಿತ್ತು. ಮದ್ವೆ ಆದ್ರೆ ಸರಿಹೋಗ್ತಾನೆ ಅಂದ್ಕೊಂಡೆ. ಬರೆದುಕೊಡು."

ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಊಟಕ್ಕೆ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಕೂದಲಕ್ಕ ದೂರು ಬರೆದುಕೊಟ್ಟಳು. ಹೊರಗೆ ಬಂದಾಗ ಹಗುರವೆನಿಸಬೇಕಿತ್ತು, ಹಾಗೇನೂ ಆಗಲಿಲ್ಲ. ಬಿಸಿಲಿಗೆ ಕಣ್ಣು ಕತ್ತಲಿಟ್ಟಂತಾಗಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಮನೆಯ ಬೀದಿಗೆ ತಿರುಗಿದಳು.

ಟೈಲರಮ್ಮನ ಅಂಗಡಿಯಲ್ಲಿ ಒಬ್ಬ ಗಿರಾಕಿ ಬೀದಿಗೆ ಬೆನ್ನು ಹಾಕಿ ನಿಂತಿದ್ದ. ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದ. ಒಂದು ಕೈಯ ಹೆಬ್ಬೆರಳು ಇನ್ನೊಂದರ ಮಣಿಕಟ್ಟನ್ನು ಉಜ್ಜುತ್ತಿತ್ತು. ಆ ಉಜ್ಜುವಿಕೆಯನ್ನು ಅವಳು ಸಾವಿರ ಜನರ ನಡುವೆಯೂ ಗುರುತಿಸಬಲ್ಲಳು.

ಟೈಲರಮ್ಮ ಅವನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಪ್ಯಾಂಟಿನ ಅಂಚು ಮಡಚುತ್ತಿದ್ದಳು. "ನೆಟ್ಟಗೆ ನಿಂತ್ಕೊಳ್ಳಿ ಸಾರ್, ಒಂದು ಕಾಲು ಉದ್ದ ಬರ್ತಾ ಇದೆ. ಅಲ್ಲಾಡಿದ್ರೆ ಮತ್ತೆ ಮೊದ್ಲಿಂದ." ಅವನು ಅಂಗಡಿಗೆ ಬಂದು, ಪ್ಯಾಂಟಿನ ಹೊಲಿಗೆ ಬಿಚ್ಚಿದೆ ಎಂದು ಮಾತು ತೆಗೆದು, ಮೇಲಿನ ಕೋಣೆಯಲ್ಲಿ ಯಾರಿದ್ದಾರೆ ಎಂದು ಮೆಲ್ಲಗೆ ವಿಚಾರಿಸಿದ್ದ. ಅಷ್ಟರಲ್ಲೇ ಟೈಲರಮ್ಮನಿಗೆ ಇವನ್ಯಾರೆಂದು ತಿಳಿದಿತ್ತು. ಆಗಿನಿಂದ ಅವಳು ಅಳತೆಯ ಮೇಲೆ ಅಳತೆ ತೆಗೆಯುತ್ತ, ಒಂದೇ ಅಂಚನ್ನು ಮಡಚುತ್ತ ಬಿಚ್ಚುತ್ತ ಅವನನ್ನು ಅಲ್ಲೇ ನಿಲ್ಲಿಸಿಕೊಂಡಿದ್ದಳು.

ಕೂದಲಕ್ಕನ ಕಾಲು ಆಗಲೇ ಹಿಂದಕ್ಕೆ ತಿರುಗಿತ್ತು. ಓಡಿಹೋಗಬಹುದಿತ್ತು. ಆದರೆ ಮೆಟ್ಟಿಲು ಅಂಗಡಿಯೊಳಗಿತ್ತು, ಮೇಲಿನ ಕೋಣೆಯಲ್ಲಿ ಅತ್ತೆ ಒಬ್ಬಳೇ ಇದ್ದಳು. ಅವಳು ರಸ್ತೆ ದಾಟಿ ಒಳಗೆ ಬಂದಳು.

"ಬಂದ್ಯಾ?" ಎಂದ ಗಂಡ, ಸಂತೆಯಿಂದ ಬಂದವಳನ್ನು ಕೇಳುವಂತೆ. "ಎಷ್ಟು ಇಳಿದುಹೋಗಿದ್ದೀಯ. ಜಗಳಕ್ಕೆ ಬಂದಿಲ್ಲ ಮಾರಾಯ್ತಿ. ಅಮ್ಮನ್ನ ಒಂದ್ಸಲ ನೋಡಿ ಹೋಗ್ತೀನಿ."

"ನನ್ನ ಖಾತೆ ನಂಬರ್ ನಿಮಗೆ ಯಾರು ಕೊಟ್ರು?"

ದನಿ ತನ್ನದೇ ಎಂದು ಅವಳಿಗೆ ಅನಿಸಲಿಲ್ಲ.

ಅವನು ನಕ್ಕ. "ಹೆಂಡ್ತಿ ನಂಬರ್ ಗಂಡನಿಗೆ ಬೇರೆಯವರು ಕೊಡಬೇಕಾ?"

"ನಾನು ಕೊಟ್ಟಿಲ್ಲ. ಬ್ಯಾಂಕಿನವರೂ ಕೊಟ್ಟಿಲ್ಲ ಅಂತಾರೆ. ನೀವು ಯಾವಾಗ್ಯಾವಾಗ ತೆಗೆದು ನೋಡಿದ್ದೀರ ಅಂತ ಅವರ ಹತ್ರ ಇದೆ. ಈಗ ತಾನೇ ಬರೆದುಕೊಟ್ಟು ಬಂದೆ."

ನಗು ಮುಖದ ಮೇಲೆ ಇತ್ತು, ಕಣ್ಣಲ್ಲಿ ಇರಲಿಲ್ಲ. "ಏನು ಬರೆದುಕೊಟ್ಟೆ?" ಎಂದ ಮೆಲ್ಲಗೆ. ಆ ಮೆಲ್ಲಗಿನ ದನಿಯ ನಂತರ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅವನು ಮುಂದೆ ಬಂದು ಅವಳ ಮಣಿಕಟ್ಟು ಹಿಡಿದ. "ನಡಿ. ಈಗ್ಲೇ ಹೋಗಿ ವಾಪಸ್ ತಗೋ. ನಾನೂ ಬರ್ತೀನಿ."

"ಸಾರ್, ಕೈ ಬಿಡಿ" ಎಂದಳು ಟೈಲರಮ್ಮ. ಪಿನ್ನುಗಳನ್ನು ಬಾಯಿಂದ ತೆಗೆದಿದ್ದಳು. ಪಕ್ಕದ ಪಾತ್ರೆ ಅಂಗಡಿಯವನು ಏನಾಯಿತೆಂದು ಹೊರಗೆ ಇಣುಕಿದ.

"ಇದು ನಮ್ಮ ಮನೆ ವಿಷಯ."

"ಬಿಡೋ ಅವಳ್ನ."

ದನಿ ಮೇಲಿನಿಂದ ಬಂತು. ಅತ್ತೆ ಮೆಟ್ಟಿಲ ತುದಿಯಲ್ಲಿ ಕೂತಿದ್ದಳು. ಹಾಸಿಗೆಯಿಂದ ಅಲ್ಲಿಯವರೆಗೆ ನೆಲದ ಮೇಲೆ ಕೂತುಕೊಂಡೇ ಸರಿದು ಬಂದಿದ್ದಳು. ಒಂದು ಕಾಲು ನೆಟ್ಟಗೆ ಮುಂದೆ ಚಾಚಿತ್ತು, ಅದು ಮಡಚುತ್ತಿರಲಿಲ್ಲ.

"ಅಮ್ಮಾ" ಎಂದ ಅವನು. ಆ ಒಂದು ಮಾತು ಮಾತ್ರ ನಿಜವಾದದ್ದಿರಬೇಕು. ಚಿಕ್ಕ ಹುಡುಗನ ಹಾಗೆ ಕೇಳಿಸಿತು.

"ಬರೆಯೋಕೆ ಹೇಳಿದ್ದು ನಾನೇ" ಎಂದಳು ಅತ್ತೆ. "ಮೊಣಕಾಲು ಹೆಂಗಿದೆ ಅಂತ ಕೇಳಿದ್ಯಲ್ಲ. ನೋಡು, ಹಿಂಗಿದೆ."

ಅವನು ನೋಡಿದ. ಎಷ್ಟು ಹೊತ್ತು ನೋಡಿದನೋ, ಕೈ ತಾನಾಗಿ ಸಡಿಲಾಯಿತು. ಬಾಗಿಲ ಬಳಿ ಈಗ ಪಾತ್ರೆ ಅಂಗಡಿಯವನ ಜೊತೆ ಇನ್ನೂ ಇಬ್ಬರು ನಿಂತಿದ್ದರು. ಅಂಗಿ ಎಳೆದು ಸರಿಮಾಡಿಕೊಂಡು, ಅವರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದ. ಪ್ಯಾಂಟಿನ ಒಂದು ಕಾಲಿಗೆ ಚುಚ್ಚಿದ ಗುಂಡುಪಿನ್ನುಗಳು ಹಾಗೇ ಇದ್ದವು. ಚುಚ್ಚಿಸಿಕೊಳ್ಳುತ್ತ, ಆ ಕಾಲನ್ನು ಎತ್ತಿ ಎತ್ತಿ ಇಡುತ್ತ ತಿರುವಿನವರೆಗೂ ಹೋದ.

ಟೈಲರಮ್ಮ ಕುಸಿದು ಕೂತಳು. ಅಳುತ್ತಾಳೇನೋ ಅಂದುಕೊಂಡರೆ ನಗುತ್ತಿದ್ದಳು. "ಅಂಥ ಹೊತ್ತಲ್ಲೂ 'ನೀವು' ಅಂತ ಮರ್ಯಾದೆ ಕೊಟ್ಟೆಯಲ್ಲೇ ಅವನಿಗೆ!"

"ಬಾಯಿಗೆ ಅದೇ ಬಂತು" ಎಂದಳು ಕೂದಲಕ್ಕ.

ಅತ್ತೆಯನ್ನು ಇಬ್ಬರೂ ಸೇರಿ ಎತ್ತಿ ಹಾಸಿಗೆಗೆ ತಂದರು. ಸೊಸೆ ನೀರು ಕುಡಿಸಿದಳು. ಲೋಟ ಕೆಳಗಿಟ್ಟ ಮೇಲೆ ಅತ್ತೆ, "ಕತ್ತಿನ ಹತ್ರ ಸಣ್ಣಗಾಗಿದ್ದಾನೆ. ಅಲ್ವಾ?" ಎಂದು ಕೇಳಿದಳು. ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯದೆ ಸೊಸೆ ಅವಳ ಕಾಲಿಗೆ ದಿಂಬು ಕೊಟ್ಟಳು.

ವಿಚಾರಣೆ ಎಳೆದಾಡಿತು. ಮೊದಲು ಅವನನ್ನು ಕಂಪ್ಯೂಟರಿನಿಂದ ದೂರ ಕೂರಿಸಿದರು, ಆಮೇಲೆ ಅಮಾನತು, ಕೊನೆಗೆ ಕೆಲಸದಿಂದಲೇ ತೆಗೆದರು. ಅವನು ನೋಡುತ್ತಿದ್ದದ್ದು ಇವಳೊಬ್ಬಳ ಖಾತೆಯನ್ನಲ್ಲವಂತೆ, ಇನ್ನೂ ಕೆಲವರದಂತೆ. ಕನ್ನಡಕದ ಅಧಿಕಾರಿ ಅಷ್ಟನ್ನೇ ಹೇಳಿದಳು. ಈ ಸಲ ಪೊಲೀಸರೂ ದೂರು ತೆಗೆದುಕೊಂಡರು, ಬ್ಯಾಂಕಿನ ಕಾಗದ ಜೊತೆಗಿತ್ತಲ್ಲ. ಅವನು ಮತ್ತೆ ಆ ಬೀದಿಗೆ ಬರಲಿಲ್ಲ. ಬರುವುದಿಲ್ಲ ಎಂದು ಕೂದಲಕ್ಕನಿಗೆ ಇಂದಿಗೂ ಪೂರ್ತಿ ನಂಬಿಕೆಯಿಲ್ಲ. ಕಾರ್ಡು ಉಜ್ಜುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡುತ್ತಾಳೆ. ಆದರೂ ಬಸ್ಸು ಹತ್ತುತ್ತಾಳೆ. ಮೊದಲ ಸಲ ಬಸ್ಸಿನಲ್ಲಿ ಕೂತ ದಿನ ಇಳಿಯುವ ಸ್ಟಾಪು ಬಂದರೂ ಇಳಿಯದೆ ಕೊನೆಯವರೆಗೂ ಹೋಗಿ ಬಂದಳು, ಸುಮ್ಮನೆ, ಕಾಲಿಗೆ ವಿಶ್ರಾಂತಿ ಎಂದು.

ಮಗನ ಕೆಲಸ ಹೋದ ಸುದ್ದಿ ಬಂದು ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಅತ್ತೆ, "ನಂಗೂ ಬ್ಯಾಂಕಿಗೆ ಹೋಗಬೇಕು" ಎಂದಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ಬರುತ್ತಿದ್ದ ಪಿಂಚಣಿ ಇಷ್ಟು ವರ್ಷವೂ ಮಗನ ಕೈಯಲ್ಲಿದ್ದ ಖಾತೆಗೇ ಹೋಗುತ್ತಿತ್ತು. ಅದರ ಹೆಸರೆತ್ತಿದರೆ ತಾವಿರುವ ಜಾಗ ತಿಳಿಯುತ್ತದೆಂದು ಅವಳು ಅದರ ಆಸೆಯನ್ನೇ ಬಿಟ್ಟಿದ್ದಳು. ಈಗ ಬಿಡಲು ಕಾರಣವಿರಲಿಲ್ಲ. ಆದರೆ ಖಾತೆ ಬದಲಿಸಲು ತಾನೇ ಹೋಗಬೇಕಿತ್ತು. ಲಾರಿಯಿಂದ ಇಳಿದು ಮನೆಗೆ ಬಂದಿದ್ದ ಟೈಲರಮ್ಮನ ಗಂಡ ಅವಳನ್ನು ಕುರ್ಚಿಸಮೇತ ಎತ್ತಿಕೊಂಡು ಮೆಟ್ಟಿಲಿಳಿದ. "ಅಜ್ಜಿ, ಇದಕ್ಕಿಂತ ಸಿಮೆಂಟ್ ಮೂಟೆ ಹಗುರ" ಎಂದ. "ಸಿಮೆಂಟ್ ನಿಂಗೆ ಬೈಯಲ್ಲ, ನಾನು ಬೈತೀನಿ, ನೋಡ್ಕೊಂಡು ಇಳಿ" ಎಂದಳು ಅತ್ತೆ.

ಬ್ಯಾಂಕಿನಲ್ಲಿ ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತು, ಕೇಳಿದ್ದಕ್ಕೆಲ್ಲ ಗಟ್ಟಿಯಾಗಿ ಉತ್ತರ ಕೊಟ್ಟಳು. ಕೊನೆಗೆ ಅಧಿಕಾರಿ, "ನಿಮ್ಮ ನಂತರ ಈ ದುಡ್ಡು ಯಾರಿಗೆ ಹೋಗಬೇಕಮ್ಮ? ನಾಮಿನಿ ಅಂತ ಒಂದು ಹೆಸರು ಹೇಳಬೇಕು" ಎಂದಳು.

ಅತ್ತೆ ಸೊಸೆಯ ಕಡೆ ನೋಡಲಿಲ್ಲ. ಮೇಜಿನ ಅಂಚನ್ನು ನೋಡುತ್ತಿದ್ದಳು. ತಾನು ಎದುರಿಗಿದ್ದರೆ ಅತ್ತೆ ಮಗನ ಹೆಸರು ಹೇಳಲಾರಳು ಎಂದು ಕೂದಲಕ್ಕನಿಗೆ ಅರ್ಥವಾಯಿತು.

"ನಾನು ನೀರು ಕುಡಿದು ಬರ್ತೀನಿ ಅತ್ತೆ" ಎಂದು ಎದ್ದು ಹೊರಗೆ ಹೋದಳು. ಬಾಗಿಲನ್ನೂ ಎಳೆದುಕೊಂಡಳು. ಬಾಯಾರಿಕೆಯಿಲ್ಲದಿದ್ದರೂ ಎರಡು ಲೋಟ ನೀರು ಕುಡಿದು, ಗೋಡೆಯ ಮೇಲಿನ ಜಾಹೀರಾತುಗಳನ್ನೆಲ್ಲ ಓದಿ, ಒಳಗಿನಿಂದ ಕರೆಯುವವರೆಗೂ ಅಲ್ಲೇ ನಿಂತಿದ್ದಳು. ಅತ್ತೆ ಯಾರ ಹೆಸರು ಹೇಳಿದಳೆಂದು ಅವಳು ಕೇಳಲಿಲ್ಲ. ಅತ್ತೆಯೂ ಹೇಳಲಿಲ್ಲ. ಇಬ್ಬರೂ ಟೈಲರಮ್ಮನ ಗಂಡನ ಲಾರಿಯಲ್ಲಿ, ಅವನ ಪಕ್ಕದ ಎತ್ತರದ ಸೀಟಿನಲ್ಲಿ ಒತ್ತಿಕೊಂಡು ಕೂತು ಮನೆಗೆ ಬಂದರು.